ಘಾಟಿ ಹತ್ತುವ ಲಾರಿಗೆ ನೀರು

ಮಗಳ ಕ್ಲಾಸಿನಲ್ಲಿ ಎಲ್ಲರೂ ಒಂದೊಂದು ವಿಡಿಯೋ ಮಾಡಿ, ಉಳಿದವರದಕ್ಕೆ ಅಭಿಪ್ರಾಯ ಬರೆಯಬೇಕಂತೆ. ಶಿರಸಿಯ ನನ್ನ ಅಕ್ಕ ಕಾದ ಮಡಕೆಯ ಬೆನ್ನಿಗೆ ಹಿಟ್ಟು ಹಚ್ಚಿ, ಹಾಳೆಯಂತೆ ಬಿಡಿಸಿ ತೆಗೆಯುವ ಸಿಹಿ ತೊಡದೇವು ಮಾಡುವುದನ್ನು ಇವಳು ಚಿತ್ರೀಕರಿಸಿದ್ದಳು. ಎಲ್ಲರೂ ‘ಸೂಪರ್’ ಎಂದರು. ಒಬ್ಬಳು ಮಾತ್ರ, ‘ಹಚ್ಚಿದ್ದು ಕಾಣ್ತದೆ, ಬಿಡಿಸಿದ್ದು ಎಲ್ಲಿ?’ ಎಂದು ಬರೆದಳು. ಮಗಳ ಮುಖ ಊದಿತು.

ನನಗೆ ಅನ್ನದ ಅಂಟಿನ ವಾಸನೆ ಬಂತು. ನಾನು ಚಿಕ್ಕವನಿದ್ದಾಗ ಯಲ್ಲಾಪುರದ ಶಾಲೆಯಲ್ಲಿ ಅಕ್ಕೋರು, ಅಂದರೆ ನಮ್ಮ ಟೀಚರು, ನಮ್ಮಿಂದ ರಟ್ಟಿನ ಪೆಟ್ಟಿಗೆಯ ಸಿನಿಮಾ ಮಾಡಿಸಿದ್ದರು. ಚಿತ್ರದ ಹಾಳೆಗಳನ್ನು ಅನ್ನ ಹಚ್ಚಿ ಉದ್ದಕ್ಕೆ ಅಂಟಿಸಿ, ಎರಡು ಕೋಲಿಗೆ ಸುತ್ತಿ ತಿರುಗಿಸುವುದು. ನನ್ನ ಚಿತ್ರದ ಲಾರಿ ಅಂಕೋಲೆಯಿಂದ ಉಪ್ಪು ಹೇರಿಕೊಂಡು ಅರಬೈಲ್ ಘಾಟಿ ಹತ್ತಿತು. ಜೋರು ಚಪ್ಪಾಳೆ. ಅಕ್ಕೋರು ಸೆರಗಿನಿಂದ ಕನ್ನಡಕ ಒರೆಸುತ್ತ, “ಚಪ್ಪಾಳೆ ಸಾಕು, ಕಂಡಿದ್ದು ಹೇಳಿ” ಎಂದರು.

ಲಾರಿ ಡ್ರೈವರರ ಮಗಳು ಶಾರದೆ ಎದ್ದಳು. “ಇಂವ ಇಂಜಿನ್ನಿಗೆ ನೀರೇ ಹಾಕ್ಲಿಲ್ಲ ಅಕ್ಕೋರೇ. ನಮ್ಮಪ್ಪ ಎರಡು ಕಡೆ ನಿಲ್ಲಿಸ್ತಾನೆ. ಇವನ ಲಾರಿ ಅರ್ಧ ಘಾಟಿಗೇ ಕುದೀತದೆ!”

ಕ್ಲಾಸು ನಕ್ಕಿತು. ಮೂರು ದಿನ ಅವಳೊಡನೆ ಮಾತು ಬಿಟ್ಟೆ. ನಾಲ್ಕನೆಯ ದಿನ ಹಾಳೆ ಕತ್ತರಿಸಿ, ನಡುವೆ ಆವಿ ಬಿಡುವ ಲಾರಿಯನ್ನೂ ಹಳ್ಳದಿಂದ ಕೊಡ ತರುವ ಡ್ರೈವರನ್ನೂ ಸೇರಿಸಿದೆ. ಶಾರದೆ ಕೊನೆಯವರೆಗೆ ನೋಡಿ, “ಈಗ ಹತ್ತಿತು” ಎಂದಳು. ಚಪ್ಪಾಳೆ ತಟ್ಟಿದವರು ಯಾರೂ ಇವತ್ತು ನೆನಪಿಲ್ಲ.

“ಬಿಡಿಸಿದ್ದು ಎಂತಕ್ಕೆ ಹಾಕಿದ್ದಿಲ್ಲೆ?” ಎಂದು ಮಗಳನ್ನು ಕೇಳಿದೆ.

“ಹಚ್ಚಿದ್ದು ಅತ್ತೆ, ಬಿಡಿಸಿದ್ದು ನಾನು. ಎಲ್ಲ ಹರದೋತು ಅಪ್ಪಾ.”

ನಾನು ಅವಳಿಗೆ ಲಾರಿಯ ಕತೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. “ಅತ್ತೆ, ನಾಳೆ ಮತ್ತೆ ಮಡಕೆ ಕಾಯಿಸ್ತ್ಯಾ? ಈ ಸಲ ಹರದ್ರೂ ಅಡ್ಡಿಲ್ಲೆ.”