ಮರುಭೂಮಿಯ ಮಠದಲ್ಲಿ ಸುರಂಗದ ಜತ್ತಪ್ಪ

ಮಡಂತ್ಯಾರಿನ ಜತ್ತಪ್ಪನಿಗೆ ಅರುವತ್ತಾರು ಕಳೆದಿತ್ತು. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ಹರಿಸುವುದು ಅವನ ಕಸುಬು. ಬಂಟ್ವಾಳ, ಬೆಳ್ತಂಗಡಿಯ ಗುಡ್ಡಗಳಲ್ಲಿ ಮೊಣಕಾಲೂರಿಕೊಂಡೇ ನಲವತ್ತಮೂರು ಸುರಂಗ ಕೊರೆದ ಜೀವ ಅದು. ಬೋರ್‌ವೆಲ್ ಲಾರಿಗಳು ಬಂದ ಮೇಲೆ ಅವನನ್ನು ಕರೆಯುವವರೇ ಇಲ್ಲವಾದರು.

ಮಗಳು ದೀಕ್ಷಿತಾ ಕುವೈತಿನಲ್ಲಿ ನರ್ಸ್. ರಜೆಯಲ್ಲಿ ಅಪ್ಪನಿಗೆ ಈಜಿಪ್ಟ್ ತೋರಿಸಲು ಹೊರಟವಳು, ಪಿರಮಿಡ್ಡು ನೋಡಿದ ಮೇಲೆ ಮರುಭೂಮಿಯ ನಡುವಿನ ಹಳೆಯ ಕ್ರೈಸ್ತ ಮಠವೊಂದಕ್ಕೂ ಕರೆದುಕೊಂಡು ಹೋದಳು. ಬಾಡಿಗೆ ಕಾರಿನಲ್ಲಿ ನಾಲ್ಕು ಗಂಟೆಯ ದಾರಿಯಲ್ಲಿ ಒಂದು ಹಸಿರು ಕಡ್ಡಿ ಕಾಣಲಿಲ್ಲ.

ಮಠದ ಹಿಂದೆ ಬೆಟ್ಟದಲ್ಲೊಂದು ಕಿಂಡಿ, ಅದರ ಮುಂದೆ ಬರಿದಾದ ಕಾಲುವೆ, ತೊಟ್ಟಿ. ವೃದ್ಧ ಸನ್ಯಾಸಿ ಅರಬ್ಬಿಯಲ್ಲಿ ಹೇಳಿದ್ದನ್ನು ದೀಕ್ಷಿತಾ ತಿಳಿಸಿದಳು: "ಇದರೊಳಗಿಂದ ನೀರು ಬರ್ತಿತ್ತಂತೆ ಅಪ್ಪ. ಎರಡು ವರ್ಷದಿಂದ ಹನಿ ಮಾತ್ರ. ಈಗ ಟ್ಯಾಂಕರ್ ತರಿಸ್ತಾರಂತೆ."

ಜತ್ತಪ್ಪ ಕಿಂಡಿಗೆ ಮುಖ ಒಡ್ಡಿದ. ತಣ್ಣನೆ ಗಾಳಿ, ಹಸಿಮಣ್ಣಿನ ವಾಸನೆ.

"ನೀರು ಉಂಟು ಮಗಾ. ದಾರಿ ಕಟ್ಟಿದೆ, ಅಷ್ಟೇ. ಒಂದು ಗಿಡ್ಡ ಪಿಕ್ಕಾಸು, ನಾಲ್ಕು ಮೇಣದಬತ್ತಿ ಕೇಳು."

"ನಿಮಗೆ ಮರ್ಲಾ? ನಾವು ನೋಡ್ಲಿಕ್ಕೆ ಬಂದದ್ದು!"

"ಹೌದು. ಒಳಗೂ ನೋಡ್ತೇನೆ."

ಸನ್ಯಾಸಿ ಜತ್ತಪ್ಪನ ಅಂಗೈ ಹಿಡಿದು, ಜಡ್ಡುಗಟ್ಟಿದ ಚರ್ಮವನ್ನು ಬೆರಳಿಂದ ಸವರಿ ನೋಡಿದರು. ಪಿಕ್ಕಾಸು ಬಂತು.

ಬತ್ತಿಯನ್ನು ಮುಂದಿಟ್ಟುಕೊಂಡು ತೆವಳಿದ. ಜ್ವಾಲೆ ಸಣ್ಣಗಾದರೆ ಗಾಳಿ ಸಾಲದೆಂದು ಲೆಕ್ಕ. ಎರಡು ಸಲ ಹಿಂದೆ ಬಂದು ಕಾದ. ಮೂರನೆಯ ಸಲ ಸಿಕ್ಕಿತು ನೋಡಿ ಜಾಗ! ಮೇಲಿನ ಕಲ್ಲು ಕುಸಿದು ದಾರಿ ಮುಚ್ಚಿತ್ತು. ಅದರ ಹಿಂದೆ ನಿಂತ ನೀರು ಪಕ್ಕದ ಬಿರುಕಿನಲ್ಲಿ ಸೋರಿಹೋಗುತ್ತಿತ್ತು. ಸಂಜೆಯ ತನಕ ಕಲ್ಲು ಸಡಿಲಿಸಿದ. ರಾತ್ರಿ ಮಠದಲ್ಲೇ ತಂಗಿ, ಮರುದಿನ ಬೆಳಿಗ್ಗೆ ಮತ್ತೆ ಹೊಕ್ಕ. ಸನ್ಯಾಸಿಗಳು ಸಾಲಾಗಿ ನಿಂತು ಬುಟ್ಟಿ ಎಳೆದರು. ಬಿರುಕಿಗೆ ಜೇಡಿಮಣ್ಣು ಮೆತ್ತಿ, ಕೊನೆಯ ಕಲ್ಲನ್ನು ಮೀಟಿದ್ದೇ ತಡ, ನೀರು ಎದೆಗೆ ಗುದ್ದಿತು.

"ನೀರ್ ಬತ್ತ್ಂಡ್!"

ನೀರು ಬಂತೆಂಬ ಆ ತುಳು ಕೂಗಿಗೆ ಅನುವಾದ ಬೇಕಾಗಲಿಲ್ಲ. ವೃದ್ಧ ಸನ್ಯಾಸಿ ಕರಿ ನಿಲುವಂಗಿಯಲ್ಲೇ ಕಾಲುವೆಯಲ್ಲಿ ಕೂತುಬಿಟ್ಟರು. ಯಾರೋ ಓಡಿಹೋಗಿ ಗಂಟೆ ಬಾರಿಸಿದರು. ಕೆಸರಲ್ಲಿ ಅದ್ದಿ ತೆಗೆದಂತೆ ಹೊರಬಂದ ಜತ್ತಪ್ಪ ಬೊಗಸೆ ನೀರು ಕುಡಿದು, "ಸ್ವಲ್ಪ ಉಪ್ಪು. ಆದರೂ ಒಳ್ಳೆ ನೀರು," ಎಂದ.

ಕಾರಿನವನು ಗಡಿಯಾರ ತೋರಿಸಿದ. ಜತ್ತಪ್ಪ ತೊಟ್ಟಿಯ ಕಟ್ಟೆಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತ.

"ಇದು ತುಂಬಲಿ. ಮತ್ತೆ ಹೋಗುವ."

ತುಂಬುವಾಗ ಸಂಜೆಯಾಯಿತು. ದೀಕ್ಷಿತಾ ನಗುತ್ತಲೇ ವಿಮಾನದ ಟಿಕೆಟನ್ನು ಮರುದಿನಕ್ಕೆ ಬದಲಿಸಿದಳು.