ಮೂಸಿ ನೋಡದ ಪ್ಲೇಟು

ಮೊನ್ನೆ ಅಟ್ಟದಿಂದ ಸಾಮಾನು ಇಳಿಸುವಾಗ ಒಂದು ಸಿಮೆಂಟ್ ಚೀಲ ಕೈಗೆ ಸಿಕ್ಕಿತು. ಬಾಯಿಗೆ ಕಟ್ಟಿದ್ದ ದಾರ ಸಡಿಲಿಸಿದ್ದೇ ತಡ, ಸುಟ್ಟ ಎಣ್ಣೆಯ ಘಾಟು ಮೂಗಿಗೆ ಹೊಡೆಯಿತು. ಹೆಂಡತಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಮಾಕಳಿಯಲ್ಲೇ ನೆಲಮಹಡಿಯ ಮನೆಗೆ ಹೋಗುತ್ತಿದ್ದೇವೆ. ಬೆಳಗ್ಗೆಯಿಂದ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. ಅಲ್ಲೇ ಕುಕ್ಕರಿಸಿದೆ. ಕಾರು ರಿಪೇರಿಯ ಮೇಸ್ತ್ರಿ ನೆನಪಾದರು...

ಕೆಲವು ವರ್ಷಗಳ ಹಿಂದಿನ ಮಾತು. ಹೆಂಡತಿಗೆ ಆಗಲೂ ವಾರಕ್ಕೆರಡು ಸಲ ಡಯಾಲಿಸಿಸ್. ಬಸ್ಸು ಹತ್ತಿಸಿ ಇಳಿಸಿ ಸಾಕಾಗಿ, ಇದ್ದಬದ್ದ ಉಳಿತಾಯ ಸುರಿದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡಿದ್ದೆ. "ಡಾಕ್ಟರ್ ಓಡಿಸಿದ ಗಾಡಿ ಸಾರ್" ಅಂದಿದ್ದ ಮಾರಿದವನು. ಯಾವ ಡಾಕ್ಟರೋ, ಯಾವ ಕರ್ಮವೋ! ನಾಲ್ಕನೇ ತಿಂಗಳಿಗೆ ಪೀಣ್ಯದ ಮೇಲ್ಸೇತುವೆಯ ಮೇಲೆ ಎಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ಕದಲಲಿಲ್ಲ. ಪಕ್ಕದಲ್ಲಿ ಆಸ್ಪತ್ರೆಗೆ ಹೊತ್ತು ಮೀರುತ್ತಿದ್ದ ಹೆಂಡತಿ, ಹಿಂದೆ ಹಾರನ್ನುಗಳ ಸಾಲು. ಸರ್ವಿಸ್ ಸೆಂಟರಿನವರು ಗೇರ್‌ಬಾಕ್ಸನ್ನೇ ಬದಲಿಸಬೇಕು ಎಂದು ಕಾರಿನಷ್ಟೇ ಬೆಲೆ ಹೇಳಿದರು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ ಮಾದನಾಯಕನಹಳ್ಳಿಯ ಈ ಮೇಸ್ತ್ರಿಯ ದಾರಿ ತೋರಿಸಿದರು. ವಿಜಯಪುರದ ಕಡೆಯವರು. ತಗಡಿನ ಶೆಡ್ಡು, ಕಪ್ಪಾದ ಉಗುರು, ಕಡಿಮೆ ಮಾತು. "ಪೂರಾ ಬದಲಿ ಯಾಕ್ರಿ ಸರ? ಎಂಟ್ ದಿನ ಕೊಡ್ರಿ, ಬಿಚ್ಚಿ ನೋಡ್ತೀನಿ" ಅಂದರು. ಆ ಎಂಟು ದಿನಗಳಲ್ಲಿ ಎರಡು ಸಲ ಅವರೇ ತಮ್ಮ ಗಡಗಡ ವ್ಯಾನಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಬಿಟ್ಟು, ನಾಲ್ಕು ಗಂಟೆ ಹೊರಗೆ ಕಾದು, ಮನೆ ಮುಟ್ಟಿಸಿದರು. ಬಿಡಿ ಎಂದು ಕೇಳಿದವರು ಯಾರು?

ಕೊನೆಗೆ, ಎಂಜಿನ್ನಿನ ಬಲವನ್ನು ಹಿಡಿದು ಚಕ್ರಕ್ಕೆ ಮುಟ್ಟಿಸುವ ಕ್ಲಚ್ ಪ್ಲೇಟುಗಳನ್ನಷ್ಟೇ ಬದಲಿಸಿ ಗಾಡಿ ಓಡುವಂತೆ ಮಾಡಿಕೊಟ್ಟರು. ಅವರದೊಂದು ಪದ್ಧತಿಯಿತ್ತು. ತೆಗೆದ ಹಳೆಯ ಭಾಗಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಗಾಡಿಯವರ ಕೈಗೇ ಕೊಡುವುದು. ಮೋಸವಿಲ್ಲ ಎಂಬುದಕ್ಕೆ ಸಾಕ್ಷಿ. ನಾನೋ, ಪೀಣ್ಯದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೂದಲೆಳೆಯ ದಪ್ಪಕ್ಕೆ ಜಗಳವಾಡಿದ ಕ್ವಾಲಿಟಿ ಇನ್‌ಸ್ಪೆಕ್ಟರ್. ಸುಮ್ಮನಿರಬೇಕಲ್ಲ! ಬಳೆಯಂಥ ಆ ಕ್ಲಚ್ ಪ್ಲೇಟುಗಳನ್ನು ಕಾರ್ಖಾನೆಗೆ ಒಯ್ದು ಮೈಕ್ರೋಮೀಟರಿನಲ್ಲಿ ದಪ್ಪ ಅಳೆದೆ. ಒಂದೂ ಸವೆದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಚೀಲ ಹಿಡಿದು ನೇರ ಶೆಡ್ಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿಗೇ ಕೂಗಾಡಿದೆ. "ಸರಿಯಾಗಿರೋ ಪ್ಲೇಟ್ ತೆಗೆದು ದುಡ್ಡು ಕಿತ್ಕೊಂಡಿದ್ದೀರಲ್ರೀ!"

ಅವರು ಒಂದು ಪ್ಲೇಟು ಎತ್ತಿ ನನ್ನ ಮುಂದೆ ಹಿಡಿದರು. "ದಪ್ಪ ಸರಿ ಐತ್ರಿ ಸರ. ಸುಟ್ಟು ಹಿಡಿತ ಹೋಗೈತಿ. ಒಮ್ಮೆ ಮೂಸಿ ನೋಡ್ರಿ."

"ಮೂಸೋಕೆ ಇದೇನು ಮಲ್ಲಿಗೆ ಹೂವಾ? ಅಳತೆ ಸುಳ್ಳು ಹೇಳಲ್ಲ" ಎಂದು ಕೈ ತಳ್ಳಿದೆ.

ಅವರು ಪ್ಲೇಟನ್ನು ಮತ್ತೆ ಚೀಲಕ್ಕೆ ಹಾಕಿದರು. ಆಮೇಲೆ ಒಳಗೆ ಹೋಗಿ ಪ್ಲೇಟುಗಳ ದುಡ್ಡು ತಂದುಕೊಟ್ಟರು. ಮಾನಗೆಟ್ಟ ನಾನು ಅದನ್ನು ಜೇಬಿಗಿಳಿಸಿಕೊಂಡು ಬಂದೆ. ಚೀಲವನ್ನೂ ಬಿಡಲಿಲ್ಲ.

ಮುಂದಿನ ವರ್ಷ ನಮ್ಮ ಕಾರ್ಖಾನೆಯ ಮಾಲು ವಾಪಸ್ ಬಂತು. ಅಳತೆಯಲ್ಲಿ ನಾನೇ ಪಾಸು ಮಾಡಿದ್ದ ಬ್ರೇಕ್ ಪಟ್ಟಿಗಳು; ಹಿಡಿತವಿಲ್ಲ ಎಂದು ಕೊಂಡವರು ಬರೆದಿದ್ದರು. ಕಾಗದ ಹಿಡಿದು ನಿಂತವನಿಗೆ ಮೇಸ್ತ್ರಿಯ ಮಾತು ನೆನಪಾಯಿತು: ದಪ್ಪ ಸರಿ, ಹಿಡಿತ ಹೋಗೈತಿ. ಮನೆಯಲ್ಲಿ ಹೇಳಿದೆ. "ಹೋಗಿ ತಪ್ಪಾಯ್ತು ಅಂದ್ಬಿಡ್ರೀ, ನಾಲಿಗೆ ಏನ್ ಸವೆದೋಗಲ್ಲ" ಅಂದಳು ಹೆಂಡತಿ. ಭಾನುವಾರ ಹೋಗ್ತೀನಿ ಅಂದೆ. ಆಸ್ಪತ್ರೆ, ಓವರ್‌ಟೈಮು, ಸುಸ್ತು... ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಎಷ್ಟು ಭಾನುವಾರಗಳು ಹೋದವೋ.

ನಿನ್ನೆ ಚೀಲ ಹಿಡಿದು ಹೋದೆ. ಶೆಡ್ಡಿನ ಜಾಗದಲ್ಲಿ ಗೋದಾಮು ಎದ್ದಿದೆ. ಎದುರಿನ ಟೀ ಅಂಗಡಿಯಾಕೆ, "ಮೇಸ್ತ್ರಿನಾ? ತೀರ್ಕೊಂಡು ಒಂದ್ ವರ್ಷ ಆಯ್ತಲ್ಲ ಸಾರ್" ಅಂದಳು.

ಕಾರಿನಲ್ಲಿ ಕೂತು ಒಂದು ಪ್ಲೇಟು ತೆಗೆದು ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಕಮಟು ವಾಸನೆ. ಮಗುವಿಗೂ ಗೊತ್ತಾಗುತ್ತಿತ್ತು, ಸುಟ್ಟದ್ದೆಂದು. "ತಪ್ಪಾಯ್ತು ಮೇಸ್ತ್ರೀ" ಎಂದೆ, ಯಾರೂ ಇಲ್ಲದ ಕಾರಿನಲ್ಲಿ. ಮಧ್ಯಾಹ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಗೇರು ಹಾಕಿದೆ. ಅವರು ಕೂಡಿಸಿಕೊಟ್ಟ ಗೇರ್‌ಬಾಕ್ಸು ಎಂದಿನಂತೆ, ಒಂದು ಚೂರೂ ಜಗ್ಗದೆ ಹಿಡಿಯಿತು.