ಖಾಲಿ ಮೊಳೆಯ ಪಕ್ಕದ ಚೀಟಿ

ಮೊನ್ನೆ ಭಟ್ಕಳ ಬಂದರಿನಲ್ಲಿ ದೋಣಿಗೆ ಬಣ್ಣ ಹಚ್ಚಲು ಕೂತು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆಗೆ ಕೈ ಅಲ್ಲಿಯೇ ನಿಂತಿತು. ಫ್ರೇಮಿನ ಸಾಹೇಬರ ಹಿಂಕೋಣೆಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಪೇಟೆಯಲ್ಲಿ ಅವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ನಮ್ಮ ದೇವರ ಪಟ, ಎಲ್ಲಕ್ಕೂ ಅವರೇ ಬೇಕು. ಅದಕ್ಕೆ ಮೊದಲು ದುಬೈಯ ಒಂದು ಗ್ಯಾಲರಿಯಲ್ಲಿ ಬಹಳ ವರ್ಷ ಚಿತ್ರ ತೂಗುಹಾಕುವ ಕೆಲಸ ಮಾಡಿದ್ದರಂತೆ. ಅಲ್ಲಿ ಪರಿಚಯವಾದ ಕಲಾವಿದರಿಂದ ಚಿತ್ರ ತರಿಸಿ, ಅಂಗಡಿಯ ಹಿಂಕೋಣೆಯನ್ನೇ ಗ್ಯಾಲರಿ ಮಾಡಿದ್ದರು. ಸುಡಾನಿನವನೊಬ್ಬ ಕಾಫಿ ಚರಟದಲ್ಲಿ ಬಳಿದ ನದಿ, ಇಂಡೋನೇಷ್ಯಾದ ಮೇಣದಚ್ಚಿನ ಬಟ್ಟೆ, ಇರಾನಿನ ಹೆಂಗಸೊಬ್ಬಳು ಬರೆದ ಬಾಗಿಲು. ಆ ಬಾಗಿಲ ಮುಂದೆ ಚಪ್ಪಲಿಗಳು ಮಾತ್ರ, ಜನ ಇಲ್ಲ.

"ಯುರೋಪಿನವ್ರ ಚಿತ್ರಕ್ಕೆ ಊರೆಲ್ಲ ಗೋಡೆ ಅದೆ. ಇವ್ರಿಗೆ ಎಲ್ಲಿ ಅದೆ?" ಎನ್ನುತ್ತಿದ್ದರು.

ಶುಕ್ರವಾರ ನಮಾಜು ಮುಗಿಸಿ ಬಂದು, ಆ ಕೋಣೆಯ ದೀಪ ಹಾಕಿ, ಕುರ್ಚಿಯಲ್ಲಿ ಕೂರುತ್ತಿದ್ದರು. ಕಟ್ಟು ಹಾಕಿಸಲು ಬಂದವರು ಹಿಂದೆ ಇಣುಕಿಯೂ ನೋಡುತ್ತಿರಲಿಲ್ಲ. ಹೋಗುತ್ತಿದ್ದವನು ನಾನೊಬ್ಬನೇ, ಅದೂ ಮೊದಮೊದಲು ಚಹಾದ ಆಸೆಗೆ.

ದೋಣಿಯ ಮೂತಿಗೆ ಕಣ್ಣು, ಹೂವು ಬರೆಯುವುದು ಅಪ್ಪನಿಂದ ನನಗೆ ಬಂದ ಕಸುಬು. ಒಂದು ದಿನ ಸಾಹೇಬರು ಬಂದರಿಗೆ ಬಂದು ನನ್ನ ಕೆಲಸವನ್ನು ತುಂಬ ಹೊತ್ತು ನೋಡಿದರು. ಮುಂದಿನ ವಾರ ಹೋದರೆ ಹಿಂಕೋಣೆಯ ಗೋಡೆಯಲ್ಲಿ ಹೊಸ ಮೊಳೆ.

"ಇದು ನಿಂಗೆ. ನಿಂದೇ ಎಂತಾದ್ರೂ ತಕೊಂಡು ಬಾ," ಅಂದರು.

ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ದೋಣಿಗೆ ಬಳಿಯುವುದೂ ಒಂದು ಚಿತ್ರವೇ? ಹೊನ್ನಾವರದಿಂದ ಕ್ಯಾನ್ವಾಸ್ ತಂದು, ತಿಂಗಳುಗಟ್ಟಲೆ ಕೂತು, ಕ್ಯಾಲೆಂಡರ್ ನೋಡಿಕೊಂಡು ಹಿಮದ ಬೆಟ್ಟ ಬರೆದೆ. ಹಿಮ ಕಂಡವರು ನಮ್ಮ ಕೇರಿಯಲ್ಲಿ ಒಬ್ಬರೂ ಇಲ್ಲ.

ಸಾಹೇಬರು ಅದನ್ನೂ ತುಂಬ ಹೊತ್ತು ನೋಡಿದರು. "ಚಂದ ಅದೆ ಮಾರಾಯಾ," ಎಂದು ಒಳ್ಳೆಯ ಕಟ್ಟು ಹಾಕಿ, ಅಂಗಡಿಯ ಮುಂಭಾಗದಲ್ಲಿ ದೇವರ ಪಟಗಳ ಸಾಲಿಗೆ ತೂಗುಹಾಕಿದರು. ಹಿಂಕೋಣೆಯ ಮೊಳೆ ಖಾಲಿಯೇ ಉಳಿಯಿತು. ನನಗೆ ಮುಖಕ್ಕೆ ಹೊಡೆದಂತಾಯಿತು. ಯಾಕೆಂದು ಕೇಳಲಿಲ್ಲ, ಮತ್ತೆ ಆ ಅಂಗಡಿಗೆ ಕಾಲಿಡಲೂ ಇಲ್ಲ. ಪೇಟೆಯಲ್ಲಿ ಎದುರಾದಾಗ, "ಶುಕ್ರವಾರ ಬಾ," ಎನ್ನುತ್ತಿದ್ದರು. "ಆತು ಸಾಹೇಬ್ರೆ," ಎಂದು ದಾಟಿ ಹೋಗುತ್ತಿದ್ದೆ. ಹೀಗೇ ಐದು ವರ್ಷ...

ಹೋದ ವರ್ಷ ಅವರು ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ ಅವರ ಮಗಳು ಫೋನು ಮಾಡಿದಳು: "ಅಣ್ಣಾ, ನಿಮ್ಮ ಹಿಮದ ಬೆಟ್ಟ ಇಲ್ಲೇ ಅದೆ, ತಕೊಂಡು ಹೋಗಿ."

ಹೋದೆ. ಹಿಂಕೋಣೆಯ ಚಿತ್ರಗಳನ್ನೆಲ್ಲ ಬರೆದವರ ಊರುಗಳಿಗೆ ಕಳಿಸಿಯಾಗಿತ್ತು. ಪ್ರತಿ ಮೊಳೆಯ ಕೆಳಗೂ ಚಿತ್ರವಿದ್ದಷ್ಟು ಜಾಗ ಬೆಳ್ಳಗೆ ಕಾಣುತ್ತಿತ್ತು, ಪಕ್ಕದಲ್ಲಿ ಕಲಾವಿದರ ಹೆಸರಿನ ಚೀಟಿ. ಒಂದು ಮೊಳೆಯ ಕೆಳಗೆ ಮಾತ್ರ ಗೋಡೆ ಒಂದೇ ಸಮ ಮಾಸಿತ್ತು. ಅಲ್ಲೂ ಚೀಟಿ ಇತ್ತು. ನನ್ನ ಹೆಸರು, ಊರು ಭಟ್ಕಳ. ಅದರಡಿ ಸಾಹೇಬರ ಅಕ್ಷರದಲ್ಲಿ: "ದೋಣಿಯ ಹಲಗೆ, ಎನಾಮೆಲ್ ಬಣ್ಣ."

ಅಷ್ಟು ವರ್ಷ ಅವರು ಆ ಹಲಗೆಗೆ ಕಾದಿದ್ದರು. ನಾನು ಸಿಟ್ಟು ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದೆ. ಅವರಿಗಿದ್ದ ಒಬ್ಬನೇ ನೋಡುಗನನ್ನೂ ನಾನೇ ಕಸಿದುಕೊಂಡಿದ್ದೆ.

ಆಮೇಲೆ ಹತ್ತಿರದ ಬೆಳಕೆ ಊರಿನಲ್ಲಿ ಹಳೆಯ ದೋಣಿಯೊಂದನ್ನು ಒಡೆಯುತ್ತಿದ್ದಾಗ, ನಾನೇ ಕಣ್ಣು ಬರೆದಿದ್ದ ಮೂತಿಯ ಹಲಗೆಯನ್ನು ಕೇಳಿ ತಂದೆ. ಮನೆಯ ಜಗಲಿಯಲ್ಲಿ ಮೊಳೆ ಹೊಡೆದು ತೂಗುಹಾಕಿ, ಪಕ್ಕದಲ್ಲಿ, ಹಿಂಕೋಣೆಯ ಗೋಡೆಯಿಂದ ಬಿಡಿಸಿ ತಂದಿದ್ದ ಅವರ ಚೀಟಿ ಅಂಟಿಸಿದ್ದೇನೆ. ಶುಕ್ರವಾರ ಮಧ್ಯಾಹ್ನ ಅದರೆದುರು ಕುರ್ಚಿ ಹಾಕಿ ಕೂರುತ್ತೇನೆ. ಬಾಗಿಲು ತೆರೆದೇ ಇರುತ್ತದೆ. ಯಾರೂ ಬರುವುದಿಲ್ಲ.